ಒಂದೊಂದು ಕಾಯಿಗೂ ಆಳು ಕರೆಸಬೇಕೆ?

'ಒಂದೇ ಕೆಲಸಕ್ಕೆ ಸ್ವಂತ ಕಮಾಂಡ್ ಬರೆಯುತ್ತೀರೋ, ಸಬ್‌ಪ್ರೊಸೀಜರ್ ಬರೆಯುತ್ತೀರೋ?' ಬೆಂಗಳೂರಿನ ಸಂದರ್ಶನವೊಂದರಲ್ಲಿ ನನಗೆ ಎದುರಾದ ಪ್ರಶ್ನೆ ಇದು. ನೋಟ್ಸ್‌ನಲ್ಲಿದ್ದ ಐದು ಅಂಕದ ವ್ಯಾಖ್ಯಾನ ಒಪ್ಪಿಸಿದೆ. ಕೆಲಸ ಸಿಗಲಿಲ್ಲ.

ಉತ್ತರ ಸಿಕ್ಕಿದ್ದು ಚಿಕ್ಕನಾಯಕನಹಳ್ಳಿಯಲ್ಲಿ, ಚಿಕ್ಕಪ್ಪನ ಕೊಬ್ಬರಿ ಅಂಗಡಿಯಲ್ಲಿ. ಚೀಲದ ತೂಕ ಕಳೆದು ನಿವ್ವಳ ತೂಕ ತೋರಿಸುವ ಕಮಾಂಡ್ ಒಂದನ್ನು ಪೈಥಾನ್‌ನಲ್ಲಿ ಮಾಡಿಕೊಟ್ಟಿದ್ದೆ. ಒಂದು ಚೀಟಿಗೆ ಅದು ಚೆನ್ನಾಗಿಯೇ ಇತ್ತು. ಹಳೆಯ 5,000 ಚೀಟಿಗಳ ಮೊತ್ತ ಬೇಕೆಂದಾಗ, ಇನ್ನೊಂದು ಪ್ರೋಗ್ರಾಂ ಬರೆದು, ಪ್ರತಿ ಸಾಲಿಗೂ ಅದೇ ಕಮಾಂಡ್ ಕರೆದೆ. ಹಳೇ ಲ್ಯಾಪ್‌ಟಾಪ್ ಮೂರು ನಿಮಿಷ ದಾಟಿದರೂ ಉತ್ತರ ಕೊಡಲಿಲ್ಲ. 'ಇಷ್ಟೊತ್ತಿಗೆ ಅರ್ಧ ಲೆಕ್ಕ ನಾನೇ ಮುಗಿಸ್ತಿದ್ನಲ್ಲೋ' ಎಂದು ಚಿಕ್ಕಪ್ಪ ನಕ್ಕರು.

ತಪ್ಪು ಲ್ಯಾಪ್‌ಟಾಪಿನದಲ್ಲ. ಕಮಾಂಡ್ ಕರೆದಾಗಲೆಲ್ಲ ಆಪರೇಟಿಂಗ್ ಸಿಸ್ಟಂ ಹೊಸ ಪ್ರೊಸೆಸ್ ಹುಟ್ಟಿಸಬೇಕು, ಪೈಥಾನ್ ಮೊದಲಿನಿಂದ ಶುರುವಾಗಬೇಕು, ಉತ್ತರ ಕೊಟ್ಟು ಮುಚ್ಚಬೇಕು. ಅಳೆದು ನೋಡಿದೆ: ಒಂದು ಸಲಕ್ಕೆ ಸುಮಾರು 40 ಮಿಲಿಸೆಕೆಂಡ್. 5,000 ಸಲಕ್ಕೆ 200 ಸೆಕೆಂಡ್! ಕಳೆಯುವ ಲೆಕ್ಕಕ್ಕೆ ತಗಲುವ ಹೊತ್ತು ಅದರಲ್ಲಿ ಲೆಕ್ಕಕ್ಕೇ ಇಲ್ಲ. ಕಾಯಿ ಸುಲಿಯುವವನನ್ನು ಒಂದೊಂದು ಕಾಯಿಗೂ ಊರಿಂದ ತೋಟಕ್ಕೆ ಕರೆಸಿ, ವಾಪಸ್ ಕಳಿಸಿದಂತಾಯಿತು.

ಅದೇ ಲೆಕ್ಕವನ್ನು ಸಬ್‌ಪ್ರೊಸೀಜರ್ ಮಾಡಿ ಪ್ರೋಗ್ರಾಂ ಒಳಗೇ ಕರೆದೆ. ಹೊಸ ಪ್ರೊಸೆಸ್ ಇಲ್ಲ, ಅದೇ ಮೆಮೊರಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮೊತ್ತ ಬಂತು.

ಹಾಗೆಂದು ಕಮಾಂಡ್ ದಂಡವೇ? ಅಲ್ಲ. ಯಾವ ಭಾಷೆಯ ಪ್ರೋಗ್ರಾಮಿನಿಂದಲೂ ಅದನ್ನು ಕರೆಯಬಹುದು. ಅದು ಕೆಟ್ಟು ನಿಂತರೂ ಕರೆದ ಪ್ರೋಗ್ರಾಂ ಸಾಮಾನ್ಯವಾಗಿ ಉಳಿಯುತ್ತದೆ. ಪ್ರೋಗ್ರಾಮಿಂಗ್ ಗೊತ್ತಿಲ್ಲದ ಚಿಕ್ಕಪ್ಪನೂ ಟೈಪ್ ಮಾಡಿ ಬಳಸಬಹುದು. ದಿನಕ್ಕೆ ಹತ್ತು ಸಲ ಓಡಿಸುವುದಾದರೆ 40 ಮಿಲಿಸೆಕೆಂಡ್ ಯಾರಿಗೂ ಭಾರವಲ್ಲ. ಅದಕ್ಕೇ ಈಗ ಲೆಕ್ಕ ಇರುವುದು ಸಬ್‌ಪ್ರೊಸೀಜರ್‌ನಲ್ಲಿ ಮಾತ್ರ. ಕಮಾಂಡ್ ಅದನ್ನೇ ಕರೆಯುವ ನಾಲ್ಕು ಸಾಲಿನ ಬಾಗಿಲು. ಚೀಲದ ತೂಕ ಬದಲಾದರೆ ತಿದ್ದುವುದು ಒಂದೇ ಕಡೆ.

ಗೆಳೆಯರೇ, 'ಮರುಬಳಕೆ ಒಳ್ಳೆಯದು' ಎಂದು ತರಗತಿಯಲ್ಲಿ ಬರೆಸುತ್ತಾರೆ. ಎಷ್ಟು ಸಲ ಕರೆಯುತ್ತೇವೆ, ಒಂದು ಕರೆಗೆ ಎಷ್ಟು ಖರ್ಚು ಎಂದು ಲ್ಯಾಬ್‌ನಲ್ಲಿ ಅಳೆಸುವುದಿಲ್ಲ. ಅಳೆಸಬೇಕು. ಅಲ್ಲಿಯವರೆಗೆ ನಾವೇ ಅಳೆಯೋಣ. ಅದಕ್ಕೆ ಹತ್ತು ಸಾಲಿನ ಪ್ರೋಗ್ರಾಂ ಸಾಕು. ಮುಂದಿನ ಸಂದರ್ಶನದಲ್ಲಿ ನಾನು ವ್ಯಾಖ್ಯಾನ ಹೇಳುವುದಿಲ್ಲ. 'ಎಷ್ಟು ಸಲ ಕರೆಯಬೇಕು ಸರ್?' ಎಂದು ಮೊದಲು ಕೇಳುತ್ತೇನೆ.