ತಾಯಿಗೂ ಒಂದು ವಾರದ ಬಿಡುವು

ಪ್ರವಾಸವೆಂದರೆ ನಮ್ಮ ಹಲಬರ್ಗಾ, ಭಾಲ್ಕಿ, ಔರಾದ ಕಡೆಯ ಮನೆಗಳಲ್ಲಿ ಬಹುಕಾಲ ಜಾತ್ರೆ, ಮದುವೆ, ತವರುಮನೆ ಇಷ್ಟೇ ಆಗಿತ್ತು. ಇಂದು ಪುಣೆ, ಹೈದರಾಬಾದ, ಬೆಂಗಳೂರುಗಳಲ್ಲಿ ಉದ್ಯೋಗಕ್ಕಿರುವ ಮಕ್ಕಳು, ತಂದೆತಾಯಿಗಳನ್ನು ಒಂದು ವಾರ ಸಮುದ್ರದಂಡೆಯ ಹೋಟೆಲಿಗೆ ಕರೆದೊಯ್ಯಬೇಕೆಂದು ಬಯಸುತ್ತಾರೆ. ವಸತಿ, ಮೂರು ಹೊತ್ತಿನ ಊಟ, ಚಹಾ, ದೋಣಿವಿಹಾರ ಎಲ್ಲವೂ ಒಂದೇ ಹಣದಲ್ಲಿ ಸೇರಿರುವ ಏರ್ಪಾಡು ಅದು. ಕೇವಲ ಉಂಡು ಮಲಗುವುದಕ್ಕೆ ಅಷ್ಟು ದೂರ ಹೋಗಬೇಕೇ ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ಯೋಗ್ಯವಾದುದೇ. ಆದರೆ ಅದರ ಉತ್ತರವನ್ನು ನಾವು ಅಡುಗೆಮನೆಯಲ್ಲಿ ಹುಡುಕಬೇಕು.

ನಮ್ಮಲ್ಲಿ ವಿಹಾರವಿಲ್ಲವೆಂದಲ್ಲ. ಎಳ್ಳಮಾವಾಸ್ಯೆಯಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿಗಳನ್ನು ಎಲ್ಲರೂ ಕೂಡಿ ಉಂಡು ನೆರಳಿನಲ್ಲಿ ಒರಗುತ್ತೇವೆ. ಆದರೆ ಆ ಭಜ್ಜಿಗಾಗಿ ಹಿಂದಿನ ದಿನವೇ ಕಾಳು ಬಿಡಿಸಿ, ಕಾಯಿಪಲ್ಯ ಹೆಚ್ಚಿ, ಕೋಳಿ ಕೂಗುವ ಮುನ್ನ ಎದ್ದು ರೊಟ್ಟಿ ಬಡಿದವರಾರು? ಬುಟ್ಟಿ ಹೊತ್ತು ನಡೆದವರಾರು? ಮನೆಮಂದಿಗೆಲ್ಲ ವಿಹಾರವಾದ ದಿನವೇ ಮನೆಯ ತಾಯಿಗೆ ದುಪ್ಪಟ್ಟು ದುಡಿಮೆ. ಊಟವೂ ಸೇರಿದ ವಸತಿಯ ನಿಜವಾದ ಬೆಲೆ ಇಲ್ಲಿದೆ. ಅಲ್ಲಿ ನಾವು ಕೊಳ್ಳುವುದು ಸಮುದ್ರವನ್ನಲ್ಲ, ಆಕೆಯ ಬಿಡುವನ್ನು.

ಈ ಪದ್ಧತಿ ಹಳೆಯದೇನಲ್ಲ. ಬೆಲ್ಜಿಯಂ ದೇಶದ ಜೆರಾರ್ಡ್ ಬ್ಲಿಟ್ಜ್ ಎಂಬಾತ 1950ರಲ್ಲಿ ಸ್ಪೇನಿನ ಮಜೋರ್ಕಾ ದ್ವೀಪದ ಅಲ್ಕೂಡಿಯಾ ದಂಡೆಯಲ್ಲಿ ಡೇರೆಗಳನ್ನು ಹಾಕಿಸಿ, ಒಂದೇ ಹಣಕ್ಕೆ ವಾಸ, ಊಟ, ಆಟಗಳನ್ನು ಒದಗಿಸಿದ. ಅದೇ ಮುಂದೆ ಕ್ಲಬ್ ಮೆಡ್ ಎಂದು ಜಗತ್ತಿಗೆಲ್ಲ ಹಬ್ಬಿತು. ನಮ್ಮ ರಾಜ್ಯದಲ್ಲಿ 1980ರಲ್ಲಿ ಸ್ಥಾಪನೆಯಾದ ಸರಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಇದೇ ಬಗೆಯಲ್ಲಿ ತಲೆಗೆ ಇಂತಿಷ್ಟೆಂದು ದರ ಗೊತ್ತುಮಾಡಿ ವಸತಿ, ಊಟ, ವಿಹಾರಗಳನ್ನು ಒಟ್ಟಿಗೆ ಕೊಡುತ್ತ ಬಂದಿದೆ. ಕಾರವಾರದ ಬಳಿ, ಕಾಳಿ ನದಿ ಕಡಲನ್ನು ಸೇರುವ ದೇವಬಾಗದಲ್ಲಿ, ಗಾಳಿಮರಗಳ ತೋಪಿನ ನಡುವೆ ಅದರ ಸಮುದ್ರದಂಡೆಯ ವಸತಿಯಿದೆ. ಬೀದರ–ಕಲಬುರಗಿ ರೈಲುಮಾರ್ಗ 2017ರಲ್ಲಿ ತೆರೆದ ಮೇಲೆ ನಮ್ಮವರಿಗೆ ಕಲಬುರಗಿಯ ಹಾದಿ ಸುಲಭವಾಗಿದೆ. ಮುಂದೆ ಹುಬ್ಬಳ್ಳಿಯಿಂದ ಯಲ್ಲಾಪುರ, ಅಂಕೋಲಾ ಮಾರ್ಗವಾಗಿ ಘಟ್ಟವಿಳಿದರೆ ಕಾರವಾರ. ತೊಗರಿಯ ರಾಶಿ ಮುಗಿದು ಮದುವೆಯ ಸುಗ್ಗಿ ಆರಂಭವಾಗುವ ಮುನ್ನಿನ ದಿನಗಳು ನಮ್ಮ ರೈತ ಕುಟುಂಬಗಳಿಗೂ ಕಡಲಿಗೂ ಅನುಕೂಲವಾದವು.

ಹಣ ಕಟ್ಟುವ ಮೊದಲು ಕೇಳಬೇಕಾದ ಮಾತುಗಳಿವೆ. 'ಎಲ್ಲವೂ ಸೇರಿದೆ' ಎಂಬ ಮಾತಿನಲ್ಲಿ ಏನೇನು ಸೇರಿದೆ? ದೊಡ್ಡ ಹೋಟೆಲುಗಳ ಇಂಥ ದರದಲ್ಲಿ ಹಲವು ಸಲ ಮದ್ಯದ ಬೆಲೆಯೂ ಅಡಗಿರುತ್ತದೆ. ಅದನ್ನು ಮುಟ್ಟದ ನಮ್ಮ ಮನೆಗಳು ಅದಕ್ಕೇಕೆ ಹಣ ತೆರಬೇಕು? ಮೂರು ಹೊತ್ತಿನ ಊಟ ಮಾತ್ರ ಸೇರಿದ ದರವನ್ನು ಕೇಳಿ ಪಡೆಯಿರಿ. ತೆರಿಗೆ ಸೇರಿದೆಯೇ, ಚಿಕ್ಕ ಮಕ್ಕಳಿಗೆ ರಿಯಾಯತಿ ಎಷ್ಟು, ಸಸ್ಯಾಹಾರವನ್ನು ಬೇರೆ ಪಾತ್ರೆ, ಬೇರೆ ಸೌಟುಗಳಲ್ಲಿ ಬಡಿಸುವರೇ ಎಂಬುದನ್ನು ಬರಹದಲ್ಲಿ ಪಡೆಯುವುದು ಲೇಸು. ಉಪಾಹಾರದ ವೇಳೆ ಗೊತ್ತಾಗಿರುತ್ತದೆಯಾದ್ದರಿಂದ ಲಿಂಗಪೂಜೆ ಮುಗಿಸಿ ಬರುವ ಹಿರಿಯರಿಗೆ ಅದು ಹೊಂದುವುದೇ ಎಂದೂ ವಿಚಾರಿಸಿರಿ. ಹಣ ಕಟ್ಟಿದ್ದೇವೆಂದು ತಟ್ಟೆ ತುಂಬ ಬಡಿಸಿಕೊಂಡು ಬಿಸಾಡುವುದು ದಾಸೋಹದ ಮನೆತನಕ್ಕೆ ಒಪ್ಪದು.

ಕಡಲಿನ ಮಾತೊಂದುಂಟು. ಕೆರೆ, ಹಳ್ಳಗಳಲ್ಲಿ ಈಜು ಕಲಿತವರಿಗೆ ಸಮುದ್ರ ಪರಿಚಿತವಲ್ಲ. ದಡಕ್ಕೆ ಬಂದ ನೀರು ಮರಳುವಾಗ ಕೆಲವೆಡೆ ಕಿರಿದಾದ ಸೆಳವಾಗಿ ಒಳಕ್ಕೆಳೆಯುತ್ತದೆ. ಅದರೆದುರು ಈಜಿದರೆ ಬಲ್ಲವನೂ ಸೋಲುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅವರೂ ನಮ್ಮಂತೆ ಬಯಲುಸೀಮೆಯ ಮಕ್ಕಳು. ಜೀವರಕ್ಷಕರಿಲ್ಲದ ಕಡೆ ಮಕ್ಕಳನ್ನು ನೀರಿಗೆ ಬಿಡಲೇಬಾರದು. ಯಾವ ದರದಲ್ಲೂ ಈ ಎಚ್ಚರ ಸೇರಿರುವುದಿಲ್ಲ.

ಎರಡು ದಿನ ಸಾಲದೇ, ಏಳು ದಿನವೇಕೆ ಎನ್ನಬಹುದು. ನಾಲ್ವತ್ತು ವರ್ಷ ಒಲೆಯ ಮುಂದೆ ನಿಂತ ಜೀವಕ್ಕೆ ಮೊದಲೆರಡು ದಿನ ಕೈ ಬರಿದಾದಂತೆ ತೋರುತ್ತದೆ. ಬಡಿಸುವವರಿಗೆ ನೆರವಾಗಲು ಮನಸ್ಸು ಎದ್ದೇಳುತ್ತದೆ. ಇತರರು ಬಡಿಸಿದ್ದನ್ನು ಕುಳಿತು, ಬಿಸಿಯಿರುವಾಗಲೇ ಉಣ್ಣುವುದಕ್ಕೂ ಅಭ್ಯಾಸ ಬೇಕು. ಆದರೂ ಸಾಲ ಮಾಡಿ ಹೋಗುವ ಪ್ರವಾಸ ಸಲ್ಲದು. ವಾರಕ್ಕೆ ಶಕ್ತಿಯಿಲ್ಲದವರು ಮೂರು ದಿನ ಹೋಗಿ ಬರಲಿ. ಅದೂ ಆಗದವರು ಮನೆಯಲ್ಲೇ ವಾರಕ್ಕೊಂದು ಹೊತ್ತು ಒಲೆಯ ಭಾರವನ್ನು ಗಂಡಸರು ಮಕ್ಕಳು ವಹಿಸಿಕೊಳ್ಳಲಿ.

ಹೋಗಿ ಬಂದವರಿಗೂ ಈ ಮಾತು ಅನ್ವಯಿಸುತ್ತದೆ. ಏಳು ದಿನ ಬಿಡುವು ಕೊಟ್ಟು ಎಂಟನೆಯ ದಿನ ಮಾಸಿದ ಬಟ್ಟೆಗಳ ಗಂಟನ್ನೆಲ್ಲ ಆಕೆಯ ಮುಂದೆ ಸುರಿದರೆ ಪ್ರವಾಸದ ಫಲವೇನು? ಕಾಯಕ ಎಲ್ಲರದೂ ಆದರೆ ವಿಶ್ರಾಂತಿಯೂ ಎಲ್ಲರದೂ ಆಗಬೇಕು. ಬಂಧುಗಳು ಈ ಸಲ ಪ್ರವಾಸದ ಲೆಕ್ಕ ಹಾಕುವಾಗ ಮೊದಲು ಮನೆಯ ತಾಯಿಯನ್ನು ಕೇಳಿಯೇ ಮುಂದುವರಿಯಲೆಂದು ನಾವು ಹಾರೈಸುತ್ತೇವೆ.