ಪರದೇಶದವರು ಮತ್ತು ಪರದೇಶಿಗಳು

ನಮ್ಮ ನಾಯಕನಹಟ್ಟಿಯ ಕಡೆ ‘ಪರದೇಶಿ’ ಎಂಬ ಮಾತಿಗೆ ಬೇರೆ ದೇಶದವನೆಂಬ ಅರ್ಥ ಇದ್ದೂ ಇಲ್ಲದಂತಾಗಿದೆ. ಹಿಂದುಮುಂದಿಲ್ಲದವನು, ಹೊತ್ತಿಗೆ ಕರೆದು ತುತ್ತಿಡುವವರಿಲ್ಲದವನು, ಅವನೇ ನಮ್ಮವರ ಬಾಯಲ್ಲಿ ಪರದೇಶಿ. ನೆಲ ಬಿಟ್ಟವನಿಗೆ ನೆಲೆಯಿಲ್ಲವೆಂಬ ತಲೆಮಾರುಗಳ ಅನುಭವವೇ ಹೆಪ್ಪುಗಟ್ಟಿ ಈ ಅರ್ಥವಾಗಿರಬೇಕು. ಭಾಷಾವಿಜ್ಞಾನದ ತರಗತಿಯಲ್ಲಿ ಹೀನಾರ್ಥಪ್ರಾಪ್ತಿಗೆ ಉದಾಹರಣೆಯಾಗಿ ಈ ಶಬ್ದವನ್ನು ಎಷ್ಟೋ ವರ್ಷಗಳಿಂದ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಅದರ ನಿಜವಾದ ಪಾಠ ನನಗೆ ದೊರೆತದ್ದು ಮಾತ್ರ ಗೋಕರ್ಣದ ಕಡಲ ತೀರದಲ್ಲಿ.

ಹೋದದ್ದು ಸಾಹಿತ್ಯಯಾತ್ರೆಗೆಂದು. ಯಶವಂತ ಚಿತ್ತಾಲರ ಹನೇಹಳ್ಳಿಯನ್ನೂ, ಗೌರೀಶ ಕಾಯ್ಕಿಣಿಯವರು ಬಾಳಿದ ಗೋಕರ್ಣವನ್ನೂ ವಿದ್ಯಾರ್ಥಿಗಳಿಗೆ ತೋರಿಸಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಮಳೆಗಾಗಿ ಮುಗಿಲು ನೋಡುವ ಚಳ್ಳಕೆರೆ ಸೀಮೆಯ ಮಕ್ಕಳು ಅಷ್ಟು ನೀರನ್ನು ಒಟ್ಟಿಗೆ ಕಂಡು ಮೂಕರಾದರು. ನಾವು ಇಳಿದುಕೊಂಡ ಮನೆಯ ಮಹಡಿಯಲ್ಲಿ ಯೂರೋಪಿನ ನಿವೃತ್ತ ಶಾಲಾಶಿಕ್ಷಕರೊಬ್ಬರಿದ್ದರು. ಹಲವು ವರ್ಷಗಳಿಂದ ಪ್ರತಿ ಚಳಿಗಾಲವನ್ನೂ ಅವರು ಇಲ್ಲಿಯೇ ಕಳೆಯುತ್ತಾರೆ. ಬೆಳಿಗ್ಗೆ ಕುಡ್ಲೆ ತೀರದಲ್ಲಿ ನಡಿಗೆ, ಮಧ್ಯಾಹ್ನ ಓದು, ಸಂಜೆ ಮನೆಯೊಡತಿಯ ಮಕ್ಕಳಿಗೆ ಇಂಗ್ಲಿಷಿನ ನಾಲ್ಕು ಮಾತು. ತಮ್ಮ ಊರಿನಲ್ಲಿ ಮನೆಬಾಡಿಗೆಗೂ ಮನೆಯನ್ನು ಬೆಚ್ಚಗಿಡುವುದಕ್ಕೂ ಪಿಂಚಣಿಯ ಬಹುಪಾಲು ತೀರಿಹೋಗುತ್ತದೆಂದು ಅವರು ಸಂಕೋಚವಿಲ್ಲದೆ ಹೇಳಿದರು. ಒಂದು ಯೂರೋ ಇಲ್ಲಿ ಸುಮಾರು ನೂರು ರೂಪಾಯಿ. ಅಲ್ಲಿ ಕೈ ಬಿಗಿಹಿಡಿದು ಬಾಳುವ ಮೇಷ್ಟರು ಇಲ್ಲಿ ನೆಮ್ಮದಿಯ ಗೃಹಸ್ಥರು. ಅವರನ್ನು ಇಲ್ಲಿಗೆ ತಂದದ್ದು ಸೂರ್ಯಾಸ್ತದ ಮೋಹವೊಂದೇ ಅಲ್ಲ. ಒಂದು ಬಗೆಯ ಬರಗಾಲವೇ ಅವರನ್ನೂ ಅಟ್ಟಿದೆ.

ಅದೇ ಮನೆಯ ಹಿತ್ತಿಲಲ್ಲಿ ಹೊಸ ಕೋಣೆಗಳು ಏಳುತ್ತಿದ್ದವು. ನನ್ನ ಮಾತಿನ ಧಾಟಿಯನ್ನು ಕೇಳಿ, ಗಾರೆಯ ಬಾಣಲಿ ಇಳಿಸಿ ಒಬ್ಬಾತ ಬಳಿಗೆ ಬಂದ. “ನೀವು ನಮ್ ನಾಯಕನಟ್ಟಿ ಕಡೇರಾ ಸಾ?” ಎಂದ. ನಮ್ಮ ಹೋಬಳಿಯವನೇ. ಶೇಂಗಾ ಕೈಕೊಟ್ಟ ವರ್ಷ ಹೆಂಡತಿಯೊಡನೆ ಗುಳೆ ಬಂದವನು ತಗಡಿನ ಗುಡಿಸಲಿನಲ್ಲಿದ್ದ. ಮಕ್ಕಳು ಊರಲ್ಲಿ ಅಜ್ಜಿಯ ಬಳಿ. “ಜಾತ್ರೆಗೆ ಬಂದು ಕೊಬ್ಬರಿ ಸುಟ್ಟು ಹೋಗ್ತೀನಿ ಸಾ, ಅಷ್ಟೇ ಊರು,” ಎಂದ. ಮಹಡಿಯ ಮೇಲಿನವರ ಪರಿಚಯವುಂಟೇ ಎಂದು ಕೇಳಿದೆ. “ಒಳ್ಳೇರು ಸಾ. ಅವರು ಪರದೇಶದೋರು. ನಾವು ಪರದೇಶಿಗಳು,” ಎಂದು ನಕ್ಕು ಬಾಣಲಿ ಎತ್ತಿದ.

ನಾನು ನಗಲಾರದೆ ಹೋದೆ. ಇಬ್ಬರೂ ಹುಟ್ಟಿದೂರು ಬಿಟ್ಟವರು. ಇಬ್ಬರನ್ನೂ ಕರೆತಂದದ್ದು ಜೀವನದ ದುಬಾರಿತನ. ಹೀಗಿದ್ದೂ ಒಬ್ಬನ ವಾಸವನ್ನು ‘ಜೀವನಶೈಲಿ’ ಎನ್ನುತ್ತೇವೆ, ಇನ್ನೊಬ್ಬನದನ್ನು ‘ಗುಳೆ’ ಎನ್ನುತ್ತೇವೆ. ಮಾಡಿದಷ್ಟು ನೀಡು ಭಿಕ್ಷೆ ಎಂಬುದು ಕೆರೆಗಳನ್ನು ಕಟ್ಟಿಸಿದ ನಮ್ಮ ತಿಪ್ಪೇರುದ್ರಸ್ವಾಮಿಗಳ ಮಾತು. ದುಡಿಮೆಯೇ ಗಳಿಕೆಯ ಅಳತೆಗೋಲು ಎಂಬ ಆ ತತ್ತ್ವ ನಾಣ್ಯವಿನಿಮಯದ ಕಟ್ಟೆಯ ಮುಂದೆ ಸೋಲುತ್ತದೆ. ಆ ಯೂರೋಪಿನ ಮೇಷ್ಟರೂ ನಾನೂ ಮಾಡಿದ ಕೆಲಸ ಒಂದೇ, ಹಲಗೆಯ ಮೇಲೆ ಬರೆದು ಅಳಿಸುವುದು. ಅವರ ಗಳಿಕೆ ಕಡಲು ದಾಟಿದೊಡನೆ ಹಿಗ್ಗುತ್ತದೆ. ನನ್ನದು ಅತ್ತ ದಾಟಿದರೆ ಕುಗ್ಗುತ್ತದೆ. ಇದರಲ್ಲಿ ಅವರ ಅಪರಾಧವೇನೂ ಇಲ್ಲ. ಆದರೆ ಈ ಭೇದದ ಮೇಲೆಯೇ ಒಂದು ಊರಿನ ಬದುಕು ನಿಂತಾಗ, ಆ ಊರು ಯಾರದಾಗುತ್ತದೆಂದು ಕೇಳಲೇಬೇಕಾಗುತ್ತದೆ.

ಗೋಕರ್ಣ ಮೊದಲಿನಿಂದಲೂ ಪರಸ್ಥಳದವರನ್ನು ಕಂಡ ಊರು. ಮಹಾಬಲೇಶ್ವರನ ಯಾತ್ರಿಕರು ಕೋಟಿತೀರ್ಥದಲ್ಲಿ ಮಿಂದು, ಉಂಡು, ಹೊರಟುಹೋಗುತ್ತಿದ್ದರು. ಗೋವೆಯ ಗದ್ದಲದಿಂದ ಬೇಸತ್ತ ವಿದೇಶೀಯರು ಇತ್ತ ಬಂದು ತಿಂಗಳುಗಟ್ಟಲೆ ನಿಲ್ಲತೊಡಗಿದ್ದು ಅನಂತರದ ಮಾತು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡು ದಾರಿ ಹತ್ತಿರವಾಯಿತು. 2020ರ ಮಾರ್ಚಿನಲ್ಲಿ ಮಹಾಮಾರಿಯ ದೆಸೆಯಿಂದ ಪ್ರವಾಸಿ ವೀಸಾಗಳು ನಿಂತಾಗ ಈ ಬದುಕು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆಯೆಂಬುದು ತಿಳಿಯಿತು. ವಿದೇಶೀಯರು ಬಾರದ ಆ ಬಿಡುವನ್ನು ತುಂಬಿದವರು ನಮ್ಮವರೇ, ವಾರಾಂತ್ಯಕ್ಕೆ ಧಾವಿಸುವ ಬೆಂಗಳೂರಿನವರು ಹಾಗೂ ಮನೆಯಿಂದಲೇ ಕಚೇರಿಯ ಕೆಲಸ ಮಾಡುವ ತರುಣರು. ಆದ್ದರಿಂದ ಎಲ್ಲ ದೋಷವನ್ನೂ ಬಿಳಿಯ ಚರ್ಮದ ತಲೆಗೆ ಕಟ್ಟುವುದು ನ್ಯಾಯವಲ್ಲ. ನಾನೇ ನಿವೃತ್ತಿಯ ದಿನಗಳನ್ನು ನೆನೆದು ವರ್ಷದ ಬಾಡಿಗೆಗೆ ಮನೆ ಸಿಕ್ಕೀತೇ ಎಂದು ಮನೆಯೊಡತಿಯನ್ನು ಕೇಳಿದ್ದೆ. “ದಿನದ ಲೆಕ್ಕದಲ್ಲಿ ಕೊಟ್ಟರೇ ನಮಗೆ ಗಿಟ್ಟುವುದು ಸಾರ್. ನನ್ನ ಮಗನೇ ಕುಮಟೆಯಲ್ಲಿ ಬಾಡಿಗೆಗಿದ್ದಾನೆ,” ಎಂದರು ಆಕೆ. ಮಗ ತನ್ನ ಮನೆಯಲ್ಲಿರುವುದೇ ತಾಯಿಗೆ ನಷ್ಟವಾಗುವ ಲೆಕ್ಕ ಇದು.

ಜಗತ್ತಿನ ಇತರ ಕಡೆಯೂ ಇದೇ ಸಂಕಟವುಂಟು. 2024ರ ಏಪ್ರಿಲ್‌ನಲ್ಲಿ ಸ್ಪೇನಿನ ಕೆನರಿ ದ್ವೀಪಗಳಲ್ಲಿ ಹತ್ತಾರು ಸಾವಿರ ಜನ ಬೀದಿಗಿಳಿದು, ಪ್ರವಾಸೋದ್ಯಮದ ಮಿತಿಮೀರಿದ ಬೆಳವಣಿಗೆಯಿಂದ ತಮ್ಮೂರಿನಲ್ಲಿ ತಮಗೇ ಮನೆ ಕೈಗೆಟಕದಂತಾಗಿದೆಯೆಂದು ಕೂಗಿದರು. ನಮ್ಮ ಕಾನೂನು ಒಂದರ್ಥದಲ್ಲಿ ಹೆಚ್ಚು ಬಿಗಿಯಾಗಿದೆ. ಪ್ರವಾಸಿ ವೀಸಾದವರು ಇಲ್ಲಿ ದುಡಿಯುವಂತಿಲ್ಲ. ಈ ದೇಶದ ನಿವಾಸಿಯಲ್ಲದ ವಿದೇಶೀಯನು ಸಾಮಾನ್ಯವಾಗಿ ಇಲ್ಲಿ ನೆಲ ಕೊಳ್ಳುವಂತಿಲ್ಲ. ಅವನಿಗೆ ತಂಗಲು ಜಾಗ ಕೊಟ್ಟವರು 24 ಗಂಟೆಯೊಳಗೆ ಸರಕಾರಕ್ಕೆ ವರದಿ ಸಲ್ಲಿಸಬೇಕು. 1946ರ ವಿದೇಶೀಯರ ಕಾಯಿದೆಯ ಬದಲಿಗೆ 2025ರ ಸೆಪ್ಟೆಂಬರಿನಿಂದ ಹೊಸ ಕಾಯಿದೆಯೇ ಜಾರಿಗೆ ಬಂದಿದೆ.

ಆದರೆ ಬಾಣಲಿ ಹೊತ್ತ ನನ್ನ ಊರಿನವನ ಹೆಸರನ್ನು ಯಾವ ಪುಸ್ತಕದಲ್ಲಿ ಬರೆಯುತ್ತಾರೆ? ವಲಸೆ ಕಾರ್ಮಿಕರಿಗಾಗಿ ಬಂದ 1979ರ ಶಾಸನ ರಾಜ್ಯದ ಗಡಿ ದಾಟಿದವರಿಗಷ್ಟೇ ಅನ್ವಯಿಸುತ್ತಿತ್ತು. ಅದರ ಸ್ಥಾನಕ್ಕೆ ಬಂದ 2020ರ ಸಂಹಿತೆಯೂ ವಲಸಿಗನೆಂದು ಗುರುತಿಸುವುದು ಗಡಿ ದಾಟಿದವನನ್ನೇ. ಚಳ್ಳಕೆರೆಯಿಂದ ಗೋಕರ್ಣಕ್ಕೆ ಬಂದವನು ಕಾನೂನಿನ ಕಣ್ಣಿಗೆ ಎಲ್ಲಿಗೂ ಹೋದವನಲ್ಲ!

2025ರ ಜುಲೈಯಲ್ಲಿ ಗೋಕರ್ಣದ ರಾಮತೀರ್ಥ ಬೆಟ್ಟದ ಗುಹೆಯೊಂದರಲ್ಲಿ ರಷ್ಯದ ತಾಯಿಯೊಬ್ಬಳು ಇಬ್ಬರು ಪುಟ್ಟ ಹೆಣ್ಣುಮಕ್ಕಳೊಡನೆ ಪೊಲೀಸರ ಕಣ್ಣಿಗೆ ಬಿದ್ದಳು. ವೀಸಾ ಅವಧಿ ಮುಗಿದು ವರ್ಷಗಳೇ ಕಳೆದಿದ್ದವು. ನಾಡೆಲ್ಲ ಅಚ್ಚರಿಪಟ್ಟಿತು, ಮರುಗಿತು. ವಿಷಯ ಉಚ್ಚ ನ್ಯಾಯಾಲಯದವರೆಗೂ ಹೋಯಿತು. ಮಕ್ಕಳ ಹಿತವನ್ನು ಕುರಿತು ಅಲ್ಲಿ ಚಿಂತಿಸಿದ್ದು ಯೋಗ್ಯವೇ. ಆದರೆ ರಸ್ತೆ ಕೆಲಸದ ಬದಿಯಲ್ಲಿ, ಟಾರ್ಪಾಲಿನ ಕೆಳಗೆ ಎರಡು ಮಕ್ಕಳೊಡನೆ ಮಳೆಗಾಲ ಕಳೆಯುವ ನಮ್ಮದೇ ತಾಯಂದಿರು ಯಾರಿಗೂ ಸುದ್ದಿಯಲ್ಲ. ಅಪರೂಪಕ್ಕೆ ನಾವು ಕರಗುತ್ತೇವೆ, ನಿತ್ಯಕ್ಕೆ ಕುರುಡಾಗುತ್ತೇವೆ.

ಇದಕ್ಕೆ ವಿದೇಶೀಯರನ್ನು ಹೊರಗಟ್ಟುವುದು ಪರಿಹಾರವಲ್ಲ. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿ ರಾಷ್ಟ್ರಗಳಿಂದ ಬರುವ ಹಣದಿಂದ. ಚಿತ್ತಾಲರು ಮುಂಬಯಿಯಲ್ಲಿ ಬಾಳಿದರೆಂದೇ ಹನೇಹಳ್ಳಿ ಕನ್ನಡಕ್ಕೆ ಅಷ್ಟು ಆಳವಾಗಿ ದಕ್ಕಿತೇನೋ. ಹೋಗಿಬರುವ ಹಾದಿ ಎರಡೂ ಕಡೆಗೆ ತೆರೆದಿರಲಿ. ಆದರೆ ಪ್ರವಾಸದಿಂದ ಬಾಳುವ ಊರು, ಕೋಣೆ ಕಟ್ಟಲು ಅನುಮತಿ ಕೊಡುವಾಗ ಕಟ್ಟುವವರ ಸೂರನ್ನೂ ಕೇಳಲಿ. ಅತಿಥಿಯ ಹೆಸರನ್ನು ಒಂದು ದಿನದೊಳಗೆ ಬರೆದುಕೊಳ್ಳಬಲ್ಲ ಸರಕಾರಕ್ಕೆ ಕೂಲಿಯವನ ಹೆಸರನ್ನು ಬರೆಯುವುದು ಅಸಾಧ್ಯವೇನಲ್ಲ.

ಊರಿಗೆ ಮರಳಿದ ಮೇಲೆ ಆ ಪಾಠ ಮತ್ತೆ ಬಂತು. ಹೀನಾರ್ಥಪ್ರಾಪ್ತಿ ಎಂದು ಹಲಗೆಯ ಮೇಲೆ ಬರೆದು, ವಾಡಿಕೆಯಂತೆ ‘ಪರದೇಶಿ’ ಎಂದು ಸೇರಿಸಿದೆ. ಯಾತ್ರೆಗೆ ಬಂದಿದ್ದ ಹುಡುಗಿಯೊಬ್ಬಳು ಎದ್ದುನಿಂತಳು. “ಸಾರ್, ಅರ್ಥ ಹೀನವಾದದ್ದು ಶಬ್ದಕ್ಕಾ, ನಮಗಾ?” ಎಂದಳು. ಅವಳ ತಂದೆತಾಯಿ ಕಾಫಿತೋಟದ ಕೂಲಿಗೆ ಹೋದವರೆಂದು ಆಮೇಲೆ ತಿಳಿಯಿತು. ಆ ದಿನ ನಾನು ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ.