ಕಾಡು ಹಾಳು ಮಾಡಿದವರು ಯಾರು?



ಕಾಡುಜನ ಕುಮರಿ ಬೇಸಾಯ ಮಾಡಿ ಕಾಡು ಹಾಳು ಮಾಡಿದರು ಅಂತ ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಅಂಕವೂ ಸಿಕ್ಕಿದೆ. ಬರ್ಮಾ-ಥಾಯ್ಲೆಂಡ್ ಗಡಿಬೆಟ್ಟಗಳ ಕರೆನ್ ಜನರ ಬದುಕು ತಿಳಿದ ಮೇಲೆ ಆ ಅಂಕ ವಾಪಸು ಕೊಡಬೇಕು ಅನ್ನಿಸುತ್ತಿದೆ.

ಎಲ್ಲ ಕರೆನ್ನರೂ ಬೆಟ್ಟದವರಲ್ಲ, ಐರಾವತಿ ನದಿಯ ಬಯಲಲ್ಲಿ ಗದ್ದೆ ಮಾಡೋರೂ ಬಹಳ. ಬೆಟ್ಟದವರು ಬೇಸಿಗೇಲಿ ಒಂದು ತುಂಡು ಕಾಡು ಸವರಿ, ಒಣಗಿಸಿ ಸುಡ್ತಾರೆ. ಬೊಡ್ಡೆ ಕೀಳಲ್ಲ. ಮಳೆ ಬಿದ್ದರೆ ಕೋಲಿನಿಂದ ಕುಳಿ ಮಾಡಿ ಬತ್ತ ಹಾಕ್ತಾರೆ. ನೇಗಿಲಿಲ್ಲ. ಬತ್ತದ ನಡುವೆಯೇ ಮೆಣಸಿನಕಾಯಿ, ಕುಂಬಳ, ಸೌತೆ. ಒಂದು ಬೆಳೆ ತೆಗೆದು ಆ ನೆಲವನ್ನು ಏಳೆಂಟು ವರ್ಷ ಬೀಳು ಬಿಡ್ತಾರೆ. ಬೊಡ್ಡೆ ಚಿಗುರಿ ಮತ್ತೆ ಕಾಡಾಗುತ್ತೆ. ಆಮೇಲೆ ಸುತ್ತಿಕೊಂಡು ಅಲ್ಲಿಗೇ ಬರ್ತಾರೆ. ಇದನ್ನು ಅಲೆಮಾರಿತನ ಅನ್ನೋರಿಗೆ ಲೆಕ್ಕ ಬರೋದಿಲ್ಲ.

ಮಗು ಹುಟ್ಟಿದರೆ ಹೊಕ್ಕಳುಬಳ್ಳಿಯನ್ನು ಬಿದಿರಿನ ಅಂಡೆಯಲ್ಲಿಟ್ಟು ಮರಕ್ಕೆ ಕಟ್ಟೋದು ಇವರ ಪದ್ಧತಿ. ಆ ಮರಕ್ಕೆ ಕೊಡಲಿ ಹಾಕುವಂತಿಲ್ಲ, ಹಾಕಿದರೆ ಮಗುವಿಗೆ ಕೇಡು. ಮೂಢನಂಬಿಕೆ ಅಂತ ನಮ್ಮ ವಿಚಾರವಾದಿ ಗೆಳೆಯರು ನಗಬಹುದು, ನಗಲಿ. ಮರ ಅಂತೂ ಉಳೀತಲ್ಲ!

ಇವರಿಗೆ ಕಾಡುಗಳ್ಳರ ಪಟ್ಟ ಕಟ್ಟಿದ್ದು ಯಾರು? 1856ರಲ್ಲಿ ಬ್ರಿಟಿಷರು ಬರ್ಮಾದ ಪೆಗು ತೇಗದ ಕಾಡಿಗೆ ಬ್ರಾಂಡಿಸ್ ಎಂಬ ಜರ್ಮನಿಯವನನ್ನು ನೇಮಿಸಿದರು. ಕರೆನ್ನರು ಸವರಿದ ನೆಲದಲ್ಲೇ, ಅವರ ಕೈಯಿಂದಲೇ, ಸರ್ಕಾರಕ್ಕೆ ತೇಗ ನೆಡಿಸಿದ. ಬೆಳೆ ಇವರದು, ಮರ ಸರ್ಕಾರದ್ದು! ಇದೇ ಬ್ರಾಂಡಿಸ್ 1864ರಲ್ಲಿ ಇಂಡಿಯಾದ ಮೊದಲ ಅರಣ್ಯ ಮಹಾ ನಿರೀಕ್ಷಕನಾದ. ನಮ್ಮ ಕೆನರಾದ ಕುಮರಿಯವರಿಗೂ ಕಡಿವಾಣ ಬಿದ್ದದ್ದು ಇದೇ ಬ್ರಿಟಿಷ್ ಆಳ್ವಿಕೆಯಲ್ಲಿ.

ಬ್ರಿಟಿಷರು ಹೋದರು, ಬುದ್ಧಿ ಉಳಿಯಿತು. 2011ರಲ್ಲಿ ಥಾಯ್ಲೆಂಡಿನ ಕೆಂಗ್ ಕ್ರಚಾನ್ ರಾಷ್ಟ್ರೀಯ ಉದ್ಯಾನದ ಅಧಿಕಾರಿಗಳು ಕರೆನ್ನರ ಮನೆಗಳನ್ನೂ ಬತ್ತದ ಕಣಜಗಳನ್ನೂ ಸುಟ್ಟುಹಾಕಿದರು. ಹೊಲ ಸುಟ್ಟರೆ ಅಪರಾಧ, ಕಣಜ ಸುಟ್ಟರೆ ಅರಣ್ಯರಕ್ಷಣೆ! ಇದರ ವಿರುದ್ಧ ದನಿ ಎತ್ತಿದ ಬಿಲ್ಲಿ ಎಂಬ ತರುಣನನ್ನು 2014ರಲ್ಲಿ ಕಾಡುಜೇನು ಇಟ್ಕೊಂಡಿದ್ದ ಅಂತ ಹಿಡಿದರು. ಆಮೇಲೆ ಅವನನ್ನು ಕಂಡವರಿಲ್ಲ. ಮೂಳೆ ಚೂರು ಸಿಕ್ಕಿದ್ದು 2019ರಲ್ಲಿ. ಸುಟ್ಟದ್ದು ತಪ್ಪು, ಪರಿಹಾರ ಕೊಡಿ ಅಂತ ನ್ಯಾಯಾಲಯ 2018ರಲ್ಲಿ ಹೇಳಿತು, ಊರಿಗೆ ಮರಳಿ ಹೋಗಿ ಅನ್ನಲಿಲ್ಲ. 2021ರಲ್ಲಿ ಅದೇ ಕಾಡಿಗೆ ವಿಶ್ವ ಪರಂಪರೆಯ ಕಿರೀಟ.

ನಾಗರಹೊಳೆಯಿಂದ ಎಬ್ಬಿಸಿದ ಜೇನುಕುರುಬರ ಮಕ್ಕಳು ನಮ್ಮ ಹಾಸ್ಟೆಲಿನಲ್ಲೂ ಇದ್ದಾರೆ. ಈ ಸಲ ಅವರಿಗೂ ಪರೀಕ್ಷೆಗೆ ಅದೇ ಪಾಠ.